ಅಲ್ಪಪ್ರಮಾಣದ ವಿಕಿರಣ: ಜೀವಕೋಶದ ಪ್ರತಿಕ್ರಿಯೆ ಮತ್ತು ಕನ್ನಡದ ಪರಿಭಾಷೆ

ಹೈದರಾಬಾದಿನ ಕೋಠಿ ಪ್ರದೇಶದಲ್ಲಿ ವೈದ್ಯಶಿಕ್ಷಣವೂ ಭಾಷಾಶಿಕ್ಷಣವೂ ಬಹುಕಾಲದಿಂದ ನೆರೆಹೊರೆಯಾಗಿ ನಡೆದುಬಂದಿವೆ. ಒಂದೆಡೆ ಉಸ್ಮಾನಿಯಾ ವೈದ್ಯಕೀಯ ಕಾಲೇಜು. ಇನ್ನೊಂದೆಡೆ ಹಿಂದಿನ ಬ್ರಿಟಿಷ್ ರೆಸಿಡೆನ್ಸಿಯ ಆವರಣದಲ್ಲಿ ಮಹಿಳಾ ಕಾಲೇಜಾಗಿ ಬೆಳೆದು ಇಂದು ಮಹಿಳಾ ವಿಶ್ವವಿದ್ಯಾಲಯವಾಗಿರುವ ಸಂಸ್ಥೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಚಿಕಿತ್ಸೆಗೆಂದು ಈ ನಗರಕ್ಕೆ ಬರುವ ಕನ್ನಡಿಗರಿಗೆ ಎಕ್ಸ್-ರೇ, ಸಿ.ಟಿ. ಸ್ಕ್ಯಾನ್ ಎಂಬ ಮಾತುಗಳು ಅಪರಿಚಿತವಲ್ಲ. ಆದರೆ ಅವುಗಳ ಮೂಲಕ ದೇಹವನ್ನು ಹೊಕ್ಕ ಅಲ್ಪಪ್ರಮಾಣದ ವಿಕಿರಣವು ಜೀವಕೋಶದೊಳಗೆ ಏನು ಮಾಡುತ್ತದೆ, ಅದರಿಂದ ಆರೋಗ್ಯಕ್ಕೆ ಎಷ್ಟು ಕೇಡು ಎಂಬ ಪ್ರಶ್ನೆಗೆ ಕನ್ನಡದಲ್ಲಿ ಖಚಿತವಾದ ಉತ್ತರ ಹೇಳುವುದು ಇಂದಿಗೂ ಸುಲಭವಲ್ಲ. ಈ ತೊಡಕಿನಲ್ಲಿ ವಿಜ್ಞಾನದ ಪಾಲು ಎಷ್ಟು, ಭಾಷೆಯ ಪಾಲು ಎಷ್ಟು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕನ್ನಡನಾಡು ಮತ್ತು ಹೈದರಾಬಾದು

ಭಾರತದ ಪರಮಾಣುಶಕ್ತಿಯ ಇತಿಹಾಸದಲ್ಲಿ ಹೈದರಾಬಾದಿಗೂ ಕರ್ನಾಟಕಕ್ಕೂ ನಿಕಟವಾದ ಸಂಬಂಧವಿದೆ. ಯುರೇನಿಯಂ ಮೊದಲಾದ ಖನಿಜಗಳನ್ನು ಅರಸುವ ಪರಮಾಣು ಖನಿಜ ನಿರ್ದೇಶನಾಲಯದ ಕೇಂದ್ರ ಕಚೇರಿ ಈ ನಗರದ ಬೇಗಂಪೇಟೆಯಲ್ಲಿದೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವನ್ನು ಗುರುತಿಸಿದುದು ಇದೇ ಸಂಸ್ಥೆ. ಆದಿಲ್‌ಶಾಹಿ ಅರಸರ ಸಮಾಧಿಗಳಿಂದ ಇತಿಹಾಸಜ್ಞರಿಗೆ ಮೊದಲೇ ಪರಿಚಿತವಾಗಿದ್ದ ಊರು ಹೀಗೆ ಭೂವಿಜ್ಞಾನಿಗಳ ಗಮನವನ್ನೂ ಸೆಳೆಯಿತು. 1971ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಪರಮಾಣು ಇಂಧನ ಸಂಕೀರ್ಣವು ದೇಶದ ಭಾರಜಲ ಸ್ಥಾವರಗಳಿಗೆ ಇಂಧನವನ್ನು ಸಿದ್ಧಪಡಿಸುತ್ತ ಬಂದಿದೆ. ಉತ್ತರ ಕನ್ನಡದ ಕಾಳಿ ನದಿಯ ದಡದಲ್ಲಿರುವ ಕೈಗಾ ಅಂಥ ಸ್ಥಾವರಗಳಲ್ಲಿ ಒಂದು. ಅಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿದ್ದು, ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು.

ಕೈಗಾ ಯೋಜನೆಯನ್ನು ವಿರೋಧಿಸಿದವರ ಮುಂಚೂಣಿಯಲ್ಲಿ ಶಿವರಾಮ ಕಾರಂತರು ಇದ್ದರೆಂಬುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಅವರು 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ಸ್ಪರ್ಧಿಸಿದುದು ಪರಿಸರದ ಪ್ರಶ್ನೆಯನ್ನು ಜನರ ಮುಂದಿಡಲೆಂದೇ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಶ್ರಮಿಸಿದ ಲೇಖಕರೊಬ್ಬರು ಅಣುಸ್ಥಾವರದ ವಿರುದ್ಧ ನಿಂತದ್ದರಿಂದ, ವಿಕಿರಣದ ಚರ್ಚೆಯು ಕನ್ನಡದಲ್ಲಿ ಸಾಹಿತ್ಯದ ಅಂಗಳಕ್ಕೂ ಪ್ರವೇಶಿಸಿತು.

2. ಜೀವಕೋಶದಲ್ಲಿ ನಡೆಯುವುದೇನು?

ವಿಕಿರಣವು ಅಂಗಾಂಶಕ್ಕೆ ನೀಡುವ ಶಕ್ತಿಯನ್ನು ಗ್ರೇ ಎಂಬ ಮಾನದಿಂದಲೂ, ಅದರ ಜೈವಿಕ ಪರಿಣಾಮವನ್ನು ಲೆಕ್ಕಕ್ಕೆ ಹಿಡಿದಾಗ ಸೀವರ್ಟ್ ಎಂಬ ಮಾನದಿಂದಲೂ ಅಳೆಯುತ್ತಾರೆ. ನೂರು ಮಿಲಿಸೀವರ್ಟಿಗಿಂತ ಕಡಿಮೆಯಾದುದನ್ನು ಅಲ್ಪಪ್ರಮಾಣವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಮಣ್ಣು, ಕಲ್ಲು, ಗಾಳಿ, ಆಹಾರ, ಆಕಾಶಗಳಿಂದ ಮನುಷ್ಯನಿಗೆ ಒದಗುವ ನಿಸರ್ಗಸಹಜ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಹೈದರಾಬಾದು ನಿಂತಿರುವ ಗ್ರಾನೈಟ್ ಬಂಡೆಯಲ್ಲಿಯೂ ಯುರೇನಿಯಂ, ಥೋರಿಯಂ ಮತ್ತು ಪೊಟ್ಯಾಸಿಯಂಗಳ ಅಂಶವಿದೆ. ವಿಕಿರಣವೇ ಇಲ್ಲದ ನೆಲೆ ಭೂಮಿಯ ಮೇಲೆ ಇಲ್ಲ.

ಒಂದು ಗ್ರೇ ಪ್ರಮಾಣದ ಗ್ಯಾಮಾ ವಿಕಿರಣ ಬಿದ್ದಾಗ ಪ್ರತಿಯೊಂದು ಜೀವಕೋಶದ ಡಿ.ಎನ್.ಎ.ಯಲ್ಲಿ ಸುಮಾರು ಒಂದು ಸಾವಿರ ಒಂಟಿ ಎಳೆಯ ಮುರಿತಗಳೂ 20ರಿಂದ 40 ಜೋಡಿ ಎಳೆಯ ಮುರಿತಗಳೂ ಉಂಟಾಗುತ್ತವೆ. ಒಂಟಿ ಎಳೆಯ ಗಾಯ ಹೊಸದಲ್ಲ. ಉಸಿರಾಟದಿಂದ ಹುಟ್ಟುವ ರಾಸಾಯನಿಕಗಳಿಂದಲೇ ಜೀವಕೋಶವು ದಿನಕ್ಕೆ ಅಂಥ ಸಾವಿರಾರು ಹಾನಿಗಳನ್ನು ಅನುಭವಿಸಿ ಸರಿಪಡಿಸಿಕೊಳ್ಳುತ್ತದೆ. ಎದುರುಬದುರಿನ ಇಳೆಯನ್ನು ಹಿಡಿದು ದುರಸ್ತಿ ಮಾಡಲು ಆಸ್ಪದವಿಲ್ಲದ ಜೋಡಿ ಎಳೆಯ ಮುರಿತವೇ ನಿಜವಾದ ಅಪಾಯದ ಮೂಲ.

ಈ ಲೆಕ್ಕವನ್ನು ಕಡಿಮೆ ಪ್ರಮಾಣಕ್ಕೆ ಇಳಿಸಿದಾಗ ವಿಷಯದ ಸ್ವರೂಪವೇ ಬದಲಾಗುತ್ತದೆ. ಒಂದು ಮಿಲಿಗ್ರೇ ಪ್ರಮಾಣದಲ್ಲಿ ಒಂದು ಕೋಶಕೇಂದ್ರದ ಮೂಲಕ ಸರಾಸರಿ ಒಂದು ಕಣದ ಪಥ ಮಾತ್ರ ಹಾದುಹೋಗುತ್ತದೆ. 25ರಿಂದ 50 ಜೀವಕೋಶಗಳಲ್ಲಿ ಒಂದಕ್ಕೆ ಮಾತ್ರ ಜೋಡಿ ಮುರಿತ ಸಂಭವಿಸುತ್ತದೆ. ಪ್ರಮಾಣ ಇನ್ನೂ ಇಳಿದರೆ ಪ್ರತಿ ಕೋಶದ ಗಾಯ ಚಿಕ್ಕದಾಗುವುದಿಲ್ಲ, ಗಾಯಗೊಂಡ ಕೋಶಗಳ ಸಂಖ್ಯೆ ಕಡಿಮೆಯಾಗುತ್ತದೆ. ಅಲ್ಪಪ್ರಮಾಣದ ಸಮಸ್ಯೆಯನ್ನು ಅರಿಯಲು ಈ ಭೇದವನ್ನು ಮೊದಲು ಮನಗಾಣಬೇಕು.

ಮುರಿತವಾದ ಕೂಡಲೇ ಎಟಿಎಂ ಎಂಬ ಕಿಣ್ವವು ಎಚ್ಚೆತ್ತು ಮುರಿದ ಸ್ಥಳದ ಸುತ್ತಲಿನ ಹಿಸ್ಟೋನ್ ಪ್ರೋಟೀನುಗಳಿಗೆ ಗುರುತು ಹಾಕುತ್ತದೆ. ದುರಸ್ತಿಯ ಸಾಮಗ್ರಿ ಅಲ್ಲಿ ನೆರೆಯುತ್ತದೆ. ಪಿ53 ಎಂಬ ಪ್ರೋಟೀನು ಕೋಶವಿಭಜನೆಯನ್ನು ತಡೆಹಿಡಿಯುತ್ತದೆ. ದುರಸ್ತಿ ಅಸಾಧ್ಯವೆನಿಸಿದರೆ ಕೋಶವು ಸಾಯುವಂತೆಯೂ ಮಾಡುತ್ತದೆ. ಆದರೆ 2003ರಲ್ಲಿ ರೋಥ್‌ಕಾಮ್ ಮತ್ತು ಲೋಬ್ರಿಖ್ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂದು ಮಿಲಿಗ್ರೇಯಷ್ಟು ವಿಕಿರಣಕ್ಕೆ ಒಳಗಾದ ಕೋಶಗಳಲ್ಲಿ ಮುರಿತಗಳು ಹಲವು ದಿನ ದುರಸ್ತಿಯಾಗದೆ ಉಳಿದುದು ಕಂಡುಬಂತು. ಅಂಥ ಕೋಶಗಳು ವಿಭಜನೆಗೆ ತೊಡಗಿದಾಗ ಮುರಿತವುಳ್ಳವು ನಿವಾರಣೆಯಾದಂತೆಯೂ ತೋರಿತು. ದುರಸ್ತಿಯಾಗದ ಕೋಶವನ್ನು ದೇಹವು ತೊರೆಯಬಹುದೆಂಬ ಸೂಚನೆ ಇದರಲ್ಲಿದೆ.

3. ಪರಸ್ಪರ ವಿರುದ್ಧವಾದ ಎರಡು ಸಾಕ್ಷ್ಯಗಳು

ಜೀವಕೋಶದ ಪ್ರತಿಕ್ರಿಯೆಯನ್ನು ಕುರಿತ ಎರಡು ಪ್ರಯೋಗಗಳು ಈ ಕ್ಷೇತ್ರದ ಚಿಂತನೆಯನ್ನು ಎರಡು ದಿಕ್ಕುಗಳಿಗೆ ಎಳೆದಿವೆ.

1984ರಲ್ಲಿ ಒಲಿವಿಯೇರಿ, ಬಾಡಿಕೋಟ್ ಮತ್ತು ವುಲ್ಫ್ ಅವರು ಮಾನವನ ಬಿಳಿ ರಕ್ತಕಣಗಳನ್ನು ಟ್ರಿಟಿಯಂ ಸೇರಿದ ಥೈಮಿಡಿನ್‌ನಲ್ಲಿ ಬೆಳೆಸಿ ಅಲ್ಪಪ್ರಮಾಣದ ವಿಕಿರಣಕ್ಕೆ ಒಡ್ಡಿದರು. ಅನಂತರ ಎಕ್ಸ್-ಕಿರಣಗಳ ಅಧಿಕ ಪ್ರಮಾಣವನ್ನು ನೀಡಿದಾಗ, ಹಾಗೆ ಮೊದಲೇ ಒಡ್ಡದ ಕಣಗಳಿಗಿಂತ ಇವುಗಳಲ್ಲಿ ವರ್ಣತಂತುಗಳ ವಿಕಾರ ಕಡಿಮೆಯಾಗಿತ್ತು. ಇದನ್ನು ಹೊಂದಾಣಿಕೆಯ ಪ್ರತಿಕ್ರಿಯೆ ಎಂದು ಕರೆಯುತ್ತಾರೆ. ಆದರೆ ಇದು ಎಲ್ಲ ದಾನಿಗಳ ರಕ್ತದಲ್ಲಿಯೂ ಕಾಣಿಸದು; ಕಂಡರೂ ಅಲ್ಪಕಾಲ ಮಾತ್ರ ಉಳಿಯುತ್ತದೆ.

1992ರಲ್ಲಿ ನಾಗಾಸಾವಾ ಮತ್ತು ಲಿಟ್ಲ್ ಅವರು ಆಲ್ಫಾ ಕಣಗಳನ್ನು ಬಳಸಿ ಇದಕ್ಕೆ ವ್ಯತಿರಿಕ್ತವಾದ ಫಲಿತಾಂಶವನ್ನು ಕಂಡರು. ನೂರರಲ್ಲಿ ಒಂದಕ್ಕಿಂತ ಕಡಿಮೆ ಕೋಶಕೇಂದ್ರಗಳನ್ನು ಕಣವು ಹಾದುಹೋಗಿದ್ದರೂ, ಸುಮಾರು 30 ಶೇಕಡಾ ಕೋಶಗಳಲ್ಲಿ ವರ್ಣತಂತುಗಳ ಭಾಗವಿನಿಮಯ ಹೆಚ್ಚಾಗಿತ್ತು. ನೇರವಾಗಿ ಏಟು ತಿನ್ನದ ನೆರೆಯ ಕೋಶವೂ ಪೆಟ್ಟಾದ ಕೋಶದಿಂದ ಬಂದ ಸಂಕೇತಕ್ಕೆ ಸ್ಪಂದಿಸುತ್ತದೆಂಬುದು ಇದರ ತಾತ್ಪರ್ಯ. ಮೊದಲ ಪ್ರಯೋಗವನ್ನಷ್ಟೇ ಓದಿದವನು ಅಲ್ಪಪ್ರಮಾಣವು ಹಿತಕರವೆಂದು ಸಾರಬಹುದು. ಎರಡನೆಯದನ್ನಷ್ಟೇ ಓದಿದವನು ಅದು ಎಣಿಸಿದ್ದಕ್ಕಿಂತ ಅಪಾಯಕರವೆಂದು ಹೆದರಬಹುದು. ಎರಡೂ ಪ್ರಯೋಗಗಳು ಗಾಜಿನ ಪಾತ್ರೆಯ ಕೋಶಗಳನ್ನು ಕುರಿತವು. ಒಂದು ಕೋಶದ ಪ್ರತಿಕ್ರಿಯೆಯಿಂದ ದೇಹದ ರೋಗವನ್ನು ಊಹಿಸುವಾಗ ಅಂಗಾಂಶ, ರೋಗನಿರೋಧಕ ವ್ಯವಸ್ಥೆ, ವಯಸ್ಸು, ಕಾಲಾವಧಿ ಎಂಬ ಮೆಟ್ಟಿಲುಗಳನ್ನು ದಾಟಬೇಕಾಗುತ್ತದೆ.

4. ಜನಸಮೂಹದ ಸಾಕ್ಷ್ಯ

ಕೇರಳದ ಕರುನಾಗಪ್ಪಳ್ಳಿಯ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಸೇರಿದ್ದು, ಅಲ್ಲಿನ ಕೆಲವು ಸ್ಥಳಗಳಲ್ಲಿ ನಿಸರ್ಗಸಹಜ ವಿಕಿರಣವು ವರ್ಷಕ್ಕೆ 70 ಮಿಲಿಗ್ರೇಯವರೆಗೂ ಏರುತ್ತದೆ. ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರಿಂದಾಗಿ ಕ್ಯಾನ್ಸರ್ ಹೆಚ್ಚಿದುದಕ್ಕೆ ಆಧಾರ ದೊರೆಯಲಿಲ್ಲ. ಇನ್ನೊಂದು ಕಡೆ ಫ್ರಾನ್ಸ್, ಬ್ರಿಟನ್, ಅಮೆರಿಕಗಳ ಮೂರು ಲಕ್ಷಕ್ಕೂ ಹೆಚ್ಚು ಪರಮಾಣು ಕೆಲಸಗಾರರ ಅಧ್ಯಯನವು 2023ರಲ್ಲಿ ನೀಡಿದ ಫಲಿತಾಂಶದಂತೆ, ಸಂಚಿತ ಪ್ರಮಾಣ ಹೆಚ್ಚಿದಂತೆ ಗಟ್ಟಿ ಗಡ್ಡೆಯ ಕ್ಯಾನ್ಸರಿನಿಂದಾಗುವ ಸಾವೂ ಹೆಚ್ಚುತ್ತದೆ: ಒಂದು ಗ್ರೇಗೆ ಸುಮಾರು 52 ಶೇಕಡಾ. ಅದೇ ವರ್ಷ ಯುರೋಪಿನ ಸುಮಾರು ಒಂಬತ್ತೂವರೆ ಲಕ್ಷ ಮಕ್ಕಳ ಮತ್ತು ತರುಣರ ಸಿ.ಟಿ. ಸ್ಕ್ಯಾನುಗಳ ಅಧ್ಯಯನವು ರಕ್ತಸಂಬಂಧಿ ಕ್ಯಾನ್ಸರುಗಳೊಂದಿಗೆ ಸಂಬಂಧವನ್ನು ಗುರುತಿಸಿತು.

ಈ ಭಿನ್ನಾಭಿಪ್ರಾಯಗಳ ನಡುವೆ ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು ರೇಖೀಯ ಮಾದರಿಯನ್ನು ಬಳಸುತ್ತದೆ: ಪ್ರಮಾಣ ಅರ್ಧವಾದರೆ ಅಪಾಯವೂ ಅರ್ಧ, ಶೂನ್ಯದವರೆಗೆ ಅಪಾಯವಿಲ್ಲದ ಹೊಸ್ತಿಲು ಇಲ್ಲ. ಅದರ ಅಂದಾಜಿನಂತೆ ಒಂದು ಸೀವರ್ಟಿಗೆ ಅಪಾಯದ ಹೆಚ್ಚಳ ಸುಮಾರು 5 ಶೇಕಡಾ. ಈ ಲೆಕ್ಕದಲ್ಲಿ ಹತ್ತು ಮಿಲಿಸೀವರ್ಟ್ ಪಡೆದ ಹತ್ತು ಸಾವಿರ ಜನರಲ್ಲಿ ಸುಮಾರು ಐವರಿಗೆ ಹೆಚ್ಚುವರಿ ಅಪಾಯವಿರಬಹುದು. ಅನ್ಯ ಕಾರಣಗಳಿಂದ ಬರುವ ಸಾವಿರಾರು ಕ್ಯಾನ್ಸರುಗಳ ನಡುವೆ ಈ ಐದನ್ನು ಹುಡುಕಿ ತೋರಿಸುವುದು ಯಾವ ಸಮೀಕ್ಷೆಗೂ ಕಷ್ಟ. 2005ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಈ ಮಾದರಿಯನ್ನು ಅಲ್ಪಪ್ರಮಾಣಕ್ಕೆ ಅನ್ವಯಿಸುವುದನ್ನು ಪ್ರಶ್ನಿಸಿತು. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಅದನ್ನೇ ಸಮರ್ಥಿಸಿತು. ರೇಖೀಯ ಮಾದರಿಯನ್ನು ಪ್ರಕೃತಿಯ ನಿಯಮವೆನ್ನುವುದಕ್ಕಿಂತ, ತಿಳಿವಳಿಕೆ ಅಪೂರ್ಣವಾಗಿರುವಾಗ ಅನುಸರಿಸುವ ವಿವೇಕದ ನಿಯಮವೆನ್ನುವುದು ಸೂಕ್ತ.

5. ಮಿತಿ, ಮಾತ್ರೆ, ವಿಕಿರಣ

ಇಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ವಿಕಿರಣವು ಹೊರಟುಬರುವ ಶಕ್ತಿ. ವಿಕಿರಣಪಟುತ್ವವು ಅದನ್ನು ಹೊರಸೂಸುವ ವಸ್ತುವಿನ ಗುಣ. ಈ ಎರಡನ್ನು ಒಂದೇ ಪದದಿಂದ ಹೇಳಿದರೆ, ಎಕ್ಸ್-ರೇ ತೆಗೆಸಿಕೊಂಡವನ ದೇಹವೇ ವಿಕಿರಣಪಟುವಾಯಿತೆಂಬ ತಪ್ಪು ಕಲ್ಪನೆ ಹುಟ್ಟುತ್ತದೆ. ಡೋಸ್ ಎಂಬುದಕ್ಕೆ ಮಾತ್ರೆ ಎಂದು ಬಳಸಿದರೆ, ಛಂದಸ್ಸಿನಲ್ಲಿ ಕಾಲದ ಅಳತೆಯೂ ಔಷಧಾಲಯದಲ್ಲಿ ಗುಳಿಗೆಯೂ ಆಗಿರುವ ಆ ಪದ ಓದುಗನನ್ನು ದಾರಿ ತಪ್ಪಿಸುತ್ತದೆ. ಪ್ರಮಾಣವೆಂಬುದೇ ಹೆಚ್ಚು ನಿರಪಾಯವಾದ ಪದ.

ಮಿತಿ ಎಂಬ ಪದ ಇನ್ನೂ ಸೂಕ್ಷ್ಮವಾದುದು. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್, ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬ ಮಿತಿಗಳು ಭಾರತದಲ್ಲಿಯೂ ಜಾರಿಯಲ್ಲಿವೆ. ಇವು ಆಡಳಿತದ ಗೆರೆಗಳು. ಗೆರೆಯ ಈಚೆ ಅಪಾಯವಿಲ್ಲ, ಆಚೆ ರೋಗ ಖಚಿತ ಎಂಬುದು ಇವುಗಳ ಅರ್ಥವಲ್ಲ. 2009ರ ನವೆಂಬರಿನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂಯುಕ್ತ ಭಾರಜಲ ಸೇರಿದ ಪ್ರಕರಣದಲ್ಲಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡುಬಂತು. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷವಾದರೂ ಅದು ನೀರಿನೊಡನೆ ದೇಹದಿಂದ ಹೊರಹೋಗುವುದರಿಂದ ಸುಮಾರು ಹತ್ತು ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಹೆಚ್ಚು ನೀರು ಕುಡಿಸುವ ಚಿಕಿತ್ಸೆಯ ತತ್ತ್ವ ಇದೇ. ಆ ಕೆಲಸಗಾರನಿಗೆ ಬೇಕಾದುದು ಭಯವೂ ಅಲ್ಲ, ಭರವಸೆಯ ಬರಿಮಾತೂ ಅಲ್ಲ: ತನ್ನ ದೇಹಕ್ಕೆ ಸೇರಿದ ಪ್ರಮಾಣ, ಅದಕ್ಕೆ ತಕ್ಕ ಅಪಾಯದ ಅಂದಾಜು, ಆ ಅಂದಾಜಿನ ಅನಿಶ್ಚಿತತೆ ಇವು ಮೂರೂ ತನ್ನ ಭಾಷೆಯಲ್ಲಿ ದೊರೆಯಬೇಕು.

6. ಸಮಾರೋಪ

ಅಲ್ಪಪ್ರಮಾಣದ ವಿಕಿರಣಕ್ಕೆ ಜೀವಕೋಶವು ನಿಷ್ಕ್ರಿಯವಾಗಿ ಬಲಿಯಾಗುವುದಿಲ್ಲ. ಗುರುತಿಸುತ್ತದೆ, ದುರಸ್ತಿ ಮಾಡುತ್ತದೆ, ನೆರೆಗೆ ಸುದ್ದಿ ಮುಟ್ಟಿಸುತ್ತದೆ, ಕೆಲವೊಮ್ಮೆ ತಾನೇ ಅಳಿಯುತ್ತದೆ. ಈ ಪ್ರತಿಕ್ರಿಯೆಗಳ ಒಟ್ಟು ಫಲ ಆರೋಗ್ಯದ ಮೇಲೆ ಎಷ್ಟೆಂಬುದು ಅತ್ಯಲ್ಪ ಪ್ರಮಾಣಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ರೋಗಿಗೆ ಅಗತ್ಯವಾದ ಸ್ಕ್ಯಾನನ್ನು ಹೆದರಿ ಬಿಡುವುದೂ, ಅನಗತ್ಯವಾದುದನ್ನು ಪದೇ ಪದೇ ತೆಗೆಸುವುದೂ ಇದರಿಂದ ಸಮರ್ಥನೀಯವಾಗುವುದಿಲ್ಲ. ಗೋಗಿಯ ಗ್ರಾಮಸ್ಥ, ಇಂಧನ ಸಂಕೀರ್ಣದ ನೌಕರ, ಕೈಗಾದ ಕೆಲಸಗಾರ, ಕೋಠಿಯ ಆಸ್ಪತ್ರೆಯ ಸಾಲಿನಲ್ಲಿ ನಿಂತ ಕನ್ನಡದ ರೋಗಿ ಇವರೆಲ್ಲ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ‘ಮಿತಿಯೊಳಗಿದೆ’ ಎಂಬ ಒಂದು ಮಾತು ಅದಕ್ಕೆ ಉತ್ತರವಾಗಲಾರದು. ಎಷ್ಟು ತಿಳಿದಿದೆ, ಎಷ್ಟು ತಿಳಿದಿಲ್ಲ ಎಂಬುದನ್ನು ಬೇರ್ಪಡಿಸಿ ಹೇಳಬಲ್ಲ ಗದ್ಯವನ್ನು ರೂಢಿಸುವುದು ವಿಜ್ಞಾನಿಯ ಹೊಣೆಯಾಗಿರುವಷ್ಟೇ ಕನ್ನಡ ವಿಭಾಗಗಳ ಹೊಣೆಯೂ ಆಗಿದೆ.