ಗುಡ್ಡಗಾಡು ಸೈಕಲ್ಲಿನ ಟಯರು: ಆಯ್ಕೆಯ ವಿಚಾರ

ಸೈಕಲ್ಲಿಗೂ ನೆಲಕ್ಕೂ ಇರುವ ಸಂಬಂಧವೆಲ್ಲವೂ ಒಂದು ಅಂಗೈಯಷ್ಟೂ ಇಲ್ಲದ ಜಾಗದಲ್ಲಿ ಅಡಗಿದೆ. ಸವಾರನು ಎಷ್ಟೇ ಬಲಶಾಲಿಯಾಗಿರಲಿ, ಬ್ರೇಕು ಎಷ್ಟೇ ಉತ್ತಮವಾಗಿರಲಿ, ಆ ಬಲವು ನೆಲವನ್ನು ಮುಟ್ಟುವುದು ಟಯರಿನ ಮೂಲಕವೇ. ಆದರೂ ಸೈಕಲ್ಲು ಕೊಳ್ಳುವಾಗ ಬಣ್ಣ, ಗೇರು, ಹ್ಯಾಂಡಲ್ಲುಗಳ ಕಡೆಗೆ ಹರಿಯುವ ಗಮನ ಟಯರಿನ ಕಡೆಗೆ ಹರಿಯುವುದು ಅಪರೂಪ. ಇಳಿಜಾರಿನ ತಿರುವಿನಲ್ಲಿ ಮುಂದಿನ ಗಾಲಿ ಜಾರಿದಾಗ ಮಾತ್ರ ಈ ಅಲಕ್ಷ್ಯದ ಬೆಲೆ ತಿಳಿಯುತ್ತದೆ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸುವುದು ಉಚಿತ.

ಹಿನ್ನೆಲೆ

ಗಾಳಿ ತುಂಬಿದ ಟಯರನ್ನು ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಬಳಕೆಗೆ ತಂದನು. ಗುಡ್ಡಗಾಡು ಸೈಕಲ್ಲು ಹುಟ್ಟಿದ್ದು ಬಹಳ ತಡವಾಗಿ. 1970ರ ದಶಕದಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ತಮಲ್‌ಪಾಯಿಸ್ ಬೆಟ್ಟದ ಸುತ್ತಲಿನ ಯುವಕರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು ಮಣ್ಣುದಾರಿಯ ಇಳಿಜಾರುಗಳಲ್ಲಿ ಓಡಿಸತೊಡಗಿದರು. ಅವರು ಆರಿಸಿಕೊಂಡದ್ದು ಹಗುರವಾದ ಓಟದ ಸೈಕಲ್ಲನ್ನಲ್ಲ, ಅಗಲವಾದ ಟಯರನ್ನು ಎಂಬುದು ಗಮನಾರ್ಹ. ಅಲ್ಲಿಂದ ಬೆಳೆದ ಈ ಕ್ರೀಡೆ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಸ್ಥಾನ ಪಡೆಯಿತು.

ನೆಲದ ಸ್ವಭಾವ

ಟಯರಿನ ಆಯ್ಕೆಗೆ ಮೊದಲು ನೆಲವನ್ನು ಅರಿಯಬೇಕು. ಧಾರವಾಡವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಮಲೆನಾಡು ಮತ್ತು ಬಯಲುಸೀಮೆಗಳ ಗಡಿಯಲ್ಲಿರುವ ಊರು. ಪೂರ್ವಕ್ಕೆ ಹೊರಟರೆ ಎರೆಭೂಮಿ. ಪಶ್ಚಿಮಕ್ಕೆ ಹೊರಟರೆ ಕೆಂಪುಮಣ್ಣು, ಗರಸಿನ ದಾರಿ, ಕಾಡಿನ ಬೇರು, ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲು. ಇವೆರಡರ ನಡುವೆ ಡಾಂಬರು ರಸ್ತೆ. ಇಂಥ ಊರಿನ ಸವಾರನಿಗೆ ಒಂದೇ ಜೊತೆ ಟಯರು ಇವೆಲ್ಲಕ್ಕೂ ಒದಗಬೇಕಾಗುತ್ತದೆ. ಪ್ರತಿಯೊಂದು ನೆಲಕ್ಕೂ ಬೇರೆ ಬೇರೆ ಟಯರು ಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ.

ಅಳತೆ

ಟಯರಿನ ಮಗ್ಗುಲಲ್ಲಿ 57-584 ಎಂಬಂಥ ಅಂಕಿಗಳಿರುತ್ತವೆ. ಮೊದಲನೆಯದು ಮಿಲಿಮೀಟರಿನಲ್ಲಿ ಟಯರಿನ ಅಗಲ; ಎರಡನೆಯದು ಅದು ರಿಮ್ಮಿನ ಮೇಲೆ ಕೂಡುವ ಜಾಗದ ವ್ಯಾಸ. 26 ಅಂಗುಲದ ಗಾಲಿಗೆ 559, 27.5 ಅಂಗುಲಕ್ಕೆ 584, 29 ಅಂಗುಲಕ್ಕೆ 622 ಎಂದಿರಬೇಕು. ಈ ಎರಡನೆಯ ಅಂಕಿಯಲ್ಲಿ ರಾಜಿಗೆ ಅವಕಾಶವಿಲ್ಲ. ಅಗಲದಲ್ಲಿ ಮಾತ್ರ ಆಯ್ಕೆಯುಂಟು. ಸರ್ವೋಪಯೋಗಕ್ಕೆ 2.2ರಿಂದ 2.4 ಅಂಗುಲದ ಅಗಲ ಒಪ್ಪುತ್ತದೆ. ಆದರೆ ಟಯರಿಗೂ ಚೌಕಟ್ಟಿಗೂ ನಡುವೆ ಎರಡೂ ಕಡೆ ಕೆಸರು ಹೊರಬೀಳುವಷ್ಟು ತೆರಪು ಉಳಿಯುವುದೇ ಎಂದು ನೋಡಿಕೊಳ್ಳಬೇಕು.

ಉಬ್ಬುಗಳು ಮತ್ತು ರಬ್ಬರು

ಟಯರಿನ ಮೇಲಿನ ಉಬ್ಬುಗಳು ಎತ್ತರವಾಗಿಯೂ ದೂರದೂರವಾಗಿಯೂ ಇದ್ದರೆ ಮೆತ್ತನೆಯ ಮಣ್ಣಿನಲ್ಲಿ ಚುಚ್ಚಿಕೊಂಡು ಹಿಡಿಯುತ್ತವೆ. ನಡುವಿನ ಕೆಸರು ಸುಲಭವಾಗಿ ಸಿಡಿದುಹೋಗುತ್ತದೆ. ಅದೇ ಟಯರು ಡಾಂಬರಿನ ಮೇಲೆ ಗುಂಯ್‌ಗುಡುತ್ತ ಸವಾರನ ಶ್ರಮವನ್ನು ನುಂಗುತ್ತದೆ. ಉಬ್ಬುಗಳು ಗಿಡ್ಡವಾಗಿ ಒತ್ತಾಗಿದ್ದರೆ ಗಟ್ಟಿನೆಲದಲ್ಲಿ ಸರಾಗವಾಗಿ ಉರುಳುತ್ತವೆ, ಆದರೆ ಕೆಸರು ತುಂಬಿಕೊಂಡಾಗ ನಿಷ್ಪ್ರಯೋಜಕವಾಗುತ್ತವೆ. ಆದ್ದರಿಂದ ಮಧ್ಯದಲ್ಲಿ ಗಿಡ್ಡ ಹಾಗೂ ಒತ್ತಾದ ಉಬ್ಬುಗಳು, ಅಂಚಿನಲ್ಲಿ ಬಲವಾದ ಉಬ್ಬುಗಳು ಇರುವ ಟಯರು ಮಿಶ್ರ ನೆಲಕ್ಕೆ ಯೋಗ್ಯವಾದುದು. ನೇರದಾರಿಯಲ್ಲಿ ಮಧ್ಯಭಾಗ ಉರುಳುತ್ತದೆ. ಸೈಕಲ್ಲು ತಿರುವಿನಲ್ಲಿ ವಾಲಿದಾಗ ಅಂಚು ನೆಲವನ್ನು ಕಚ್ಚುತ್ತದೆ.

ರಬ್ಬರಿನ ಗುಣವೂ ಮುಖ್ಯ. ಮೃದುವಾದ ರಬ್ಬರು ಒದ್ದೆಗಲ್ಲಿನ ಮೇಲೆ ಅಂಟಿಕೊಂಡು ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಡುಸಾದುದು ಬಹುಕಾಲ ಬಾಳುತ್ತದೆ, ಆದರೆ ಮಳೆಯಲ್ಲಿ ಜಾರುತ್ತದೆ. ಈ ಕಾರಣದಿಂದ ಮಧ್ಯದಲ್ಲಿ ಗಡುಸು, ಅಂಚಿನಲ್ಲಿ ಮೃದು ರಬ್ಬರು ಸೇರಿಸಿ ಮಾಡಿದ ಟಯರುಗಳೂ ದೊರೆಯುತ್ತವೆ.

ಗಾಳಿಯ ಒತ್ತಡ

ಗಾಳಿ ಹೆಚ್ಚು ತುಂಬಿದಷ್ಟೂ ಸೈಕಲ್ಲು ವೇಗವಾಗಿ ಓಡುತ್ತದೆ ಎಂಬ ನಂಬಿಕೆ ಬಳಕೆಯಲ್ಲಿದೆ. ನುಣುಪಾದ ರಸ್ತೆಯಲ್ಲಿ ಇದು ತಕ್ಕಮಟ್ಟಿಗೆ ನಿಜ. ಒರಟು ನೆಲದಲ್ಲಿ ನಿಜವಲ್ಲ. ಗಟ್ಟಿಯಾದ ಟಯರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಆ ಪುಟಿತದಲ್ಲಿ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆತ್ತಲು ವ್ಯಯವಾದ ಶಕ್ತಿ ಮುನ್ನಡೆಗೆ ದೊರೆಯುವುದಿಲ್ಲ. ತುಸು ಮೆತ್ತಗಿರುವ ಟಯರು ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು ಮುಂದೆ ಸಾಗುತ್ತದೆ.

ಹಿಡಿತದ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ಸಾಕು. ಹಿಂದಿನ ಗಾಲಿಯ ಮೇಲೆ 120 ಪೌಂಡು ಭಾರವಿದೆ ಎಂದು ಭಾವಿಸೋಣ. ಚದರ ಅಂಗುಲಕ್ಕೆ 60 ಪೌಂಡು ಗಾಳಿ ಇದ್ದರೆ ಟಯರು ನೆಲವನ್ನು ಮುಟ್ಟುವ ಜಾಗ ಸುಮಾರು 2 ಚದರ ಅಂಗುಲ. 30 ಪೌಂಡು ಇದ್ದರೆ ಸುಮಾರು 4. ಒಂದು ಕಾಸೂ ಖರ್ಚಿಲ್ಲದೆ ನೆಲದೊಡನೆ ಸಂಪರ್ಕ ಇಮ್ಮಡಿಯಾಯಿತು. ಸುಮಾರು 65 ಕಿಲೋ ತೂಕದ ಸವಾರನು 2.25 ಅಂಗುಲದ ಟ್ಯೂಬುಸಹಿತ ಟಯರಿಗೆ ಮುಂದೆ 28, ಹಿಂದೆ 32 ಪೌಂಡಿನಿಂದ ಆರಂಭಿಸಿ, ಅನುಭವದಿಂದ ತಿದ್ದಿಕೊಳ್ಳಬಹುದು. ದೂರದ ಡಾಂಬರು ಪಯಣಕ್ಕೆ ಇದಕ್ಕಿಂತ 8-10 ಪೌಂಡು ಹೆಚ್ಚಿರಲಿ. ಟಯರಿನ ಮೇಲೆ ಅಚ್ಚಾಗಿರುವ ಮಿತಿಯನ್ನು ಮೀರಬಾರದು. ತೀರ ಕಡಿಮೆ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕು, ಹಾವು ಕಚ್ಚಿದಂತೆ ಎರಡು ತೂತುಗಳು ಬೀಳುತ್ತವೆ. ಟ್ಯೂಬಿಲ್ಲದ ಟಯರಿನಲ್ಲಿ ಈ ತೊಂದರೆ ಇಲ್ಲ. ಒಳಗೆ ಹಾಕಿದ ದ್ರವವು ಜಾಲಿಮುಳ್ಳಿನಂಥವು ಮಾಡಿದ ಸಣ್ಣ ರಂಧ್ರಗಳನ್ನು ತಾನೇ ಮುಚ್ಚುತ್ತದೆ. ಆದರೆ ಅದಕ್ಕೆ ತಕ್ಕ ರಿಮ್ಮು ಬೇಕು, ದ್ರವವನ್ನು ಕೆಲವು ತಿಂಗಳಿಗೊಮ್ಮೆ ಮರುಪೂರಣ ಮಾಡಬೇಕು.

ಮುಂದು ಮತ್ತು ಹಿಂದು

ಎರಡು ಗಾಲಿಗಳ ಕೆಲಸ ಒಂದೇ ಅಲ್ಲ. ಹಿಂದಿನ ಗಾಲಿ ಜಾರಿದರೆ ಸವಾರನು ಸಾಮಾನ್ಯವಾಗಿ ಸಂಭಾಳಿಸಿಕೊಳ್ಳಬಲ್ಲನು. ಮುಂದಿನದು ಜಾರಿದರೆ ಬೀಳದೆ ಉಳಿಯುವುದು ಕಷ್ಟ. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಸರಿಯುವುದರಿಂದ ಅಲ್ಲಿಯೇ ಹಿಡಿತ ಹೆಚ್ಚು ಬೇಕು. ಆದ್ದರಿಂದ ಮುಂದೆ ತುಸು ಅಗಲವಾದ, ಉಬ್ಬು ಎದ್ದುಕಾಣುವ, ಮೃದುವಾದ ಟಯರನ್ನೂ ಹಿಂದೆ ಸರಾಗವಾಗಿ ಉರುಳುವ ಗಡುಸಾದುದನ್ನೂ ಹಾಕುವುದು ವಿವೇಕ. ಹಿಂದಿನದು ಬೇಗ ಸವೆಯುತ್ತದೆ. ಆಗ ಒಂದೇ ಟಯರು ಕೊಳ್ಳುವಷ್ಟು ಹಣವಿದ್ದರೆ ಹೊಸದನ್ನು ಮುಂದೆ ಹಾಕಿ, ಮುಂದಿದ್ದುದನ್ನು ಹಿಂದಕ್ಕೆ ಸಾಗಿಸಬೇಕು. ಸವೆದ ಟಯರನ್ನು ಮುಂದೆ ಉಳಿಸಿಕೊಳ್ಳುವುದು ಉಳಿತಾಯವಲ್ಲ, ಅಪಾಯ.

ಉಪಸಂಹಾರ

ಸರ್ವೋಪಯೋಗಿ ಟಯರು ಯಾವ ನೆಲದಲ್ಲಿಯೂ ಅತ್ಯುತ್ತಮವಲ್ಲ. ಬಹುಪಾಲು ನೆಲಗಳಲ್ಲಿ ನಂಬತಕ್ಕದ್ದು, ಅಷ್ಟೆ. ಅದಕ್ಕೂ ಮಿತಿಯುಂಟು. ಮಳೆ ಬಿದ್ದ ಎರೆಮಣ್ಣು ಎಂಥ ಟಯರಿಗೂ ಮೆತ್ತಿಕೊಂಡು ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಅಂಥ ದಿನ ಹೊಲದ ದಾರಿಯನ್ನು ಬಿಟ್ಟು ಡಾಂಬರು ರಸ್ತೆ ಹಿಡಿಯುವುದೇ ಸರಿ. ಸವಾರನು ತಾನು ಹೆಚ್ಚಾಗಿ ಓಡಾಡುವ ನೆಲ ಯಾವುದು, ಬಿದ್ದರೆ ಹೆಚ್ಚು ಪೆಟ್ಟಾಗುವ ನೆಲ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಮೊದಲನೆಯದರ ಉತ್ತರದಿಂದ ಹಿಂದಿನ ಟಯರನ್ನೂ ಎರಡನೆಯದರ ಉತ್ತರದಿಂದ ಮುಂದಿನ ಟಯರನ್ನೂ ಆರಿಸಿಕೊಂಡರೆ ಆಯ್ಕೆ ಬಹುಮಟ್ಟಿಗೆ ಸರಿಹೋಗುತ್ತದೆ.