ನಡುವಿನ ಸೊನ್ನೆ ಮರೆಯದಿರಲಿ

ಮಹಾರಾಷ್ಟ್ರದ ಗಡಿಭಾಗವಾದ ಉಮರ್ಗಾ, ನಿಲಂಗಾ, ಉದಗೀರದ ಕಡೆ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಮರಾಠಿ ಕಲಿಯುವ ಮಕ್ಕಳು ಇಂದಿಗೂ ಇದ್ದಾರೆ. ಕನ್ನಡದಲ್ಲಿ 43 ಹೇಳುವಾಗ ನಲವತ್ತು ಮೊದಲು ಬರುತ್ತದೆ. ಮರಾಠಿಯ ‘ತ್ರೇಚಾಳೀಸ’ದಲ್ಲಿ ಮೂರು ಮೊದಲು. ಕೇಳಿ ಬರೆಯುವ ಮಗು 34 ಎಂದು ಬರೆದರೆ ಅದು ದಡ್ಡತನವಲ್ಲ. ಅದಕ್ಕೇ ಭಾಗಾಕಾರದ ಲೆಕ್ಕವನ್ನು ಬಾಯಲ್ಲಿ ಹೇಳುವ ಬದಲು ಹಲಗೆಯ ಮೇಲೆ ಬರೆದುಕೊಡುವುದು ಲೇಸು.

ಭಾಗಾಕಾರಕ್ಕೆ ಮಗ್ಗಿ ಬಂದರೆ ಸಾಕು ಎನ್ನುವವರುಂಟು. ಸಾಲದು.

618ನ್ನು 3ರಿಂದ ಭಾಗಿಸು ಎಂದರೆ ಮಗ್ಗಿ ಬಲ್ಲ ಮಗುವೂ 26 ಎಂದು ಬರೆದುಬಿಡಬಹುದು. ನಡುವಿನ ಸೊನ್ನೆ ಮಾಯ! ಆಗ ಆಟದ ದುಡ್ಡು ತನ್ನಿ: ನೂರರ ನೋಟು ಆರು, ಹತ್ತರದು ಒಂದು, ರೂಪಾಯಿ ನಾಣ್ಯ ಎಂಟು. ಮೂವರು ಮಕ್ಕಳಿಗೆ ನೂರರ ನೋಟು ಎರಡೆರಡು. ಹತ್ತರ ಒಂದೇ ನೋಟನ್ನು ಮೂವರಿಗೆ ಹಂಚಲಾಗದು. ಹತ್ತರ ಸ್ಥಾನದಲ್ಲಿ ಸೊನ್ನೆ ಬರೆಸಿ, ನೋಟನ್ನು ಚಿಲ್ಲರೆ ಮಾಡಿಸಿ. ಈಗ ಹದಿನೆಂಟು ನಾಣ್ಯ, ತಲೆಗೆ ಆರು. ಉತ್ತರ 206. ಮುಂದಿನ ಅಂಕಿಯನ್ನು ಕೆಳಗಿಳಿಸುವುದೇಕೆ ಎಂಬುದು ಮಗುವಿಗೆ ತಿಳಿಯುವುದು ಈ ಚಿಲ್ಲರೆಯಲ್ಲೇ.

ಭಾಗಿಸುವ ಮೊದಲು ಅಂದಾಜನ್ನೂ ಕೇಳಿ. ಆರುನೂರನ್ನು ಮೂರು ಪಾಲು ಮಾಡಿದರೇ ಇನ್ನೂರು. 26 ಹೇಗೆ ಸರಿಯಾದೀತು?

ಭಾಗಾಕಾರದ ಈ ತೊಡಕು ಗಡಿಯೂರುಗಳ ಪಾಡಷ್ಟೇ ಅಲ್ಲ. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರ ಬಗೆಗಿನ 2023ರ ‘ಅಸರ್’ ಶಿಕ್ಷಣ ಸಮೀಕ್ಷೆಯಲ್ಲಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 43.3 ಮಾತ್ರ. ಪಾಠ ಮುಗಿಸುವ ಅವಸರ ಬಿಟ್ಟು, ಶೇಷ ಉಳಿಯುವ ಲೆಕ್ಕಕ್ಕೆ ಹೋಗುವ ಮೊದಲು ಇಂಥ ಸೊನ್ನೆಯ ಲೆಕ್ಕಗಳನ್ನು ನಾಲ್ಕಾರು ದಿನ ಮಾಡಿಸಿ.