ಒಂದು ಬಲೂನಿನ ಸದ್ದಿನಲ್ಲಿ ಇಡೀ ಕೋಣೆ

ತರಗತಿ: 9. ವಿಷಯ: ವಿಜ್ಞಾನ. ಘಟಕ: ಶಬ್ದ. ಅವಧಿ: 40 ನಿಮಿಷ.
ಸಾಮಗ್ರಿ: ಎರಡು ಬಲೂನು, ಗುಂಡುಸೂಜಿ, ಮೊಬೈಲ್, ಅಳತೆ ಟೇಪು.
ಉದ್ದೇಶ: ಕೋಣೆಯ ಅನುರಣನವನ್ನು ಮುದ್ರಿಸಿ, ಅದನ್ನು ಬೇರೊಂದು ಧ್ವನಿಗೆ ಸೇರಿಸುವ ಬಗೆಯನ್ನು ವಿದ್ಯಾರ್ಥಿಗಳು ವಿವರಿಸುವರು.

ಪೀಠಿಕೆ: ಪ್ರತಿಧ್ವನಿ ಎಂದರೆ ಕೊಪ್ಪಳದ ಮಕ್ಕಳಿಗೆ ನೆನಪಾಗುವುದು ವಿಜಯಪುರದ ಗೋಳಗುಮ್ಮಟ. ಅದರ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಆಚೆ ಬದಿಗೆ ಹೋಗಿ ಮರಳಲು 76 ಮೀಟರ್. ಸೆಕೆಂಡಿಗೆ 344 ಮೀಟರ್ ವೇಗದಲ್ಲಿ ಸುಮಾರು 0.22 ಸೆಕೆಂಡು. ಇದು 0.1 ಸೆಕೆಂಡಿಗಿಂತ ಹೆಚ್ಚಾದ್ದರಿಂದ ಪ್ರತಿಧ್ವನಿ ಬೇರೆಯಾಗಿ ಕೇಳುತ್ತದೆ. 6 ಮೀಟರ್ ಉದ್ದದ ತರಗತಿಯಲ್ಲಿ ಈ ಕಾಲ 0.035 ಸೆಕೆಂಡು ಮಾತ್ರ. ಆದ್ದರಿಂದ ಮರಳಿದ ಸದ್ದುಗಳು ಒಂದರ ಮೇಲೊಂದು ಬಿದ್ದು ಮೂಲ ಸದ್ದಿಗೆ ಬಾಲವಾಗುತ್ತವೆ. ಇದೇ ಅನುರಣನ. ಬಾಲ ಉದ್ದವಾದರೆ ಕೊನೆಯ ಬೆಂಚಿನ ಮಗುವಿಗೆ ಅಕ್ಷರಗಳು ಕಲಸಿ ಕೇಳುತ್ತವೆ.

ಚಟುವಟಿಕೆ 1: ಖಾಲಿ ಕೋಣೆಯಲ್ಲಿ ಕರಿಹಲಗೆಯ ಬಳಿ ಬಲೂನು ಒಡೆದು, ಕೊನೆಯ ಬೆಂಚಿನಲ್ಲಿಟ್ಟ ಮೊಬೈಲಿನಲ್ಲಿ ಮುದ್ರಿಸಿ. ಮಕ್ಕಳನ್ನು ಕೂರಿಸಿ ಮತ್ತೊಮ್ಮೆ ಮಾಡಿ. ಬಲೂನಿನ ಸದ್ದು ಕ್ಷಣಮಾತ್ರ. ಆಮೇಲೆ ಕೇಳುವುದೆಲ್ಲ ಕೋಣೆಯ ಉತ್ತರ. ಮೈ, ಬಟ್ಟೆ ಶಬ್ದ ಹೀರುವುದರಿಂದ ಎರಡನೆಯ ಬಾಲ ಚಿಕ್ಕದು.

ಚಟುವಟಿಕೆ 2: ಕೋಣೆಯ ಉತ್ತರ 4, 2, 1 ಎಂದೂ, ಬಯಲಿನಲ್ಲಿ ಮುದ್ರಿಸಿದ ಧ್ವನಿ 2, 1 ಎಂದೂ ಇಟ್ಟುಕೊಳ್ಳಿ. ಧ್ವನಿಯ ಪ್ರತಿ ಅಂಕಿಯಿಂದ ಇಡೀ ಉತ್ತರವನ್ನು ಗುಣಿಸಿ, ಒಂದೊಂದು ಮನೆ ಸರಿಸಿ ಬರೆದು ಕೂಡಿಸಿ:

8 4 2 0
0 4 2 1
ಮೊತ್ತ: 8 8 4 1

ಎರಡು ಅಂಕಿಯ ಧ್ವನಿ ನಾಲ್ಕು ಅಂಕಿಗೆ ಬೆಳೆಯಿತು; ಬಾಲ ಸೇರಿತು. ಈ ಲೆಕ್ಕವೇ ಕನ್ವಲ್ಯೂಷನ್. ಸೆಕೆಂಡಿಗೆ 44,100 ಅಂಕಿಗಳಂತೆ ಮುದ್ರಿಸಿದ ಧ್ವನಿಗೆ ಕಂಪ್ಯೂಟರ್ ಇದನ್ನೇ ಮಾಡುತ್ತದೆ. ಹೀಗೆ ಬಯಲಿನಲ್ಲಿ ಹಾಡಿದ ಹಾಡು ಕೋಣೆಯೊಳಗೆ ಹಾಡಿದಂತೆ ಕೇಳುತ್ತದೆ.

ಎಚ್ಚರಿಕೆ: ಮೊಬೈಲ್ ಬಲೂನಿಗೆ ತೀರ ಹತ್ತಿರವಿದ್ದರೆ ಸದ್ದು ಒಡೆದು ಮುದ್ರಣವಾಗುತ್ತದೆ. ಮುದ್ರಣಮಟ್ಟ ತಾನಾಗಿ ಏರಿಳಿಯುವ ಸೌಲಭ್ಯವನ್ನು ನಿಲ್ಲಿಸಿಡಿ. ಇಲ್ಲದಿದ್ದರೆ ಬಾಲದ ಅಳತೆ ತಪ್ಪುತ್ತದೆ.

ಮೌಲ್ಯಮಾಪನ: 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯದಲ್ಲಿ ಗೋಡೆಗಳ ನಡುವಿನ ಒಳಭಾಗವೂ ಇದೆ, ಕಂಬಗಳ ತೆರೆದ ಮಂಟಪವೂ ಇದೆ. ಅನುರಣನ ಎಲ್ಲಿ ಹೆಚ್ಚು? ಕಾರಣ ಕೊಡಿ. (ಸ್ಮಾರಕದಲ್ಲಿ ಬಲೂನು ಒಡೆಯಬಾರದು, ತರ್ಕದಿಂದ ಉತ್ತರಿಸಿದರೆ ಸಾಕು.)

ಮುಂದುವರಿಕೆ: ಪಾಠದ ಕೊನೆಗೆ ಹಿಂದಿನ ಸಾಲಿನ ವಿದ್ಯಾರ್ಥಿನಿ ಕೇಳಿದಳು: “ಗೋಡಿಗೆ ಗೋಣಿಚೀಲ ಹಾಕಿದ್ರ ಬಾಲ ಕಡಿಮಿ ಆಕ್ಕೈತೇನ್ರಿ ಸರ್?” ಮುಂದಿನ ಅವಧಿಗೆ ಮೂರನೆಯ ಬಲೂನು, ಹತ್ತು ಗೋಣಿಚೀಲ ಬೇಕು.